ಗೋಡೆಯಾಚೆ ಹನ್ನೊಂದು ನಿಮಿಷ

ಮಿಲ್ವಾಕೀ
ಏಪ್ರಿಲ್ 4, 1967

ಸಿಸ್ಟರ್ ಬೆನೆಡಿಕ್ಟಾ ಅವರಿಗೆ,

ನಿಮ್ಮನ್ನು ಈಗ ಹೀಗೇ ಕರೆಯಬೇಕೆಂದು ನಮ್ಮ ಚರ್ಚಿನ ಫಾದರ್ ಹೇಳಿದರು. ತಪಸ್ಸು ಕಾಲದಲ್ಲಿ ಮಠದೊಳಕ್ಕೆ ಪತ್ರ ಬಿಡುವುದಿಲ್ಲವೆಂದೂ ಅವರೇ ಹೇಳಿದ್ದರಿಂದ ಈಸ್ಟರ್ ಮುಗಿಯಲೆಂದು ಕಾದೆ. ಐದು ವರ್ಷ ಕಾದವನಿಗೆ ಆರು ವಾರ ಏನೂ ದೊಡ್ಡದಲ್ಲ.

ನಾನು ತಾದೆಕ್. ನೀವು ಅಯೋವಾದ ಆ ಗೋಡೆಯೊಳಗೆ ಹೋದಾಗ ನನಗೆ ಹದಿನೈದು. ಬರುವ ಸೆಪ್ಟೆಂಬರಿಗೆ ಇಪ್ಪತ್ತೊಂದಾಗುತ್ತದೆ. ಅಮ್ಮ ಸತ್ತ ಮೇಲೆ ನನಗೆ ಸ್ನಾನ ಮಾಡಿಸಿ, ತಲೆ ಬಾಚಿ, ಶಾಲೆಗೆ ಕಳಿಸಿದವರು ನೀವು. ಅದನ್ನು ಮರೆತಿಲ್ಲ. ಹೋದ ಮೇಲೆ ಒಂದು ಸಾಲೂ ಬರೆಯಲಿಲ್ಲ. ಅದನ್ನೂ ಮರೆತಿಲ್ಲ. ದೇವರ ಮನೆ ಸೇರಿದವರಿಗೆ ತಮ್ಮನ ನೆನಪು ಯಾಕಿರಬೇಕು ಎಂದು ಸುಮ್ಮನಾದೆ.

ಈಗ ಬರೆಯಲು ಕಾರಣ ಇಷ್ಟೆ. ನಾನು ನಮ್ಮ ಚರ್ಚಿನ ಡ್ರಮ್ ಕೋರ್‌ನಲ್ಲಿದ್ದೇನೆ, ಐದು ವರ್ಷದಿಂದ. ‘ಬ್ಲೂ ಹೆರನ್ಸ್’ ಎಂದು ಹೆಸರು. ಇಪ್ಪತ್ತೊಂದು ತುಂಬಿದವರನ್ನು ಇಟ್ಟುಕೊಳ್ಳುವುದಿಲ್ಲ, ನಿಯಮ ಹಾಗಿದೆ. ಆದ್ದರಿಂದ ಈ ಬೇಸಿಗೆಯೇ ನನಗೆ ಕೊನೆಯದು. ನಮ್ಮ ಮನೆಯವರು ಯಾರೂ ಒಮ್ಮೆಯೂ ನೋಡಿಲ್ಲ. ಯಾರಾದರೊಬ್ಬರಿಗೆ ಗೊತ್ತಿರಲಿ ಅನ್ನಿಸಿತು.

ನಾನು ಬರೆದದ್ದು ಅಪ್ಪನಿಗೆ ಗೊತ್ತಿಲ್ಲ. ನೀವು ಉತ್ತರ ಬರೆಯುವುದಾದರೆ ಭಯವಿಲ್ಲ. ನನಗೆ ಫೌಂಡ್ರಿಯಲ್ಲಿ ಈಗ ಮಧ್ಯಾಹ್ನದ ಪಾಳಿ, ಬೆಳಿಗ್ಗೆ ಟಪಾಲು ತೆಗೆಯುವವನು ನಾನೇ.

ತಾದೇಉಷ್ ವೊಯ್ನಾರ್


ಕಾರ್ಮೆಲ್ ಮಠ, ಅಯೋವಾ
ಮೇ 2, 1967

ತಮ್ಮಾ ತಾದೆಕ್,

ಮಠದ ಹಿರಿಯ ಮದರ್ ನಿನ್ನ ಪತ್ರ ಕೊಟ್ಟಾಗ ನನ್ನ ಕೈ ಹಿಟ್ಟಾಗಿತ್ತು. ಒರೆಸಿಕೊಳ್ಳುವಷ್ಟು ತಾಳ್ಮೆ ಇರಲಿಲ್ಲ. ಲಕೋಟೆಯ ಮೇಲೆ ನನ್ನ ಬೆರಳುಗಳು ಹಾಗೇ ಮೂಡಿವೆ. ಈಗ ನನಗೆ ಪೂಜೆಯ ರೊಟ್ಟಿ ಬೇಯಿಸುವ ಕೆಲಸ. ಮೊದಲು ಬಾಗಿಲ ಗಂಟೆ ನೋಡಿಕೊಳ್ಳುತ್ತಿದ್ದೆ, ಹಾಡುವ ಸಾಲಿನಲ್ಲೂ ನಿಲ್ಲುತ್ತಿದ್ದೆ. ಈಗ ಎರಡೂ ಇಲ್ಲ. ಇಲ್ಲಿ ಕೆಲಸಗಳು ಬದಲಾಗುತ್ತಿರುತ್ತವೆ.

ನಾನು ಒಂದು ಸಾಲೂ ಬರೆಯಲಿಲ್ಲ ಎಂದಿದ್ದೀಯ. ಆ ವಾಕ್ಯವನ್ನು ಬಹಳ ಹೊತ್ತು ನೋಡಿದೆ. ನಿನ್ನ ಸಿಟ್ಟು ನ್ಯಾಯವಾದದ್ದು. ಅದಕ್ಕಿಂತ ಹೆಚ್ಚಿಗೆ ಆ ವಿಷಯ ಬೇಡ. ಅಪ್ಪನ ಮೇಲೆ ಎಂದೂ ಸಿಟ್ಟಾಗಬೇಡ, ಅದೊಂದು ನಡೆಸಿಕೊಡು.

ನಮಗೆ ತಿಂಗಳಿಗೊಂದು ಪತ್ರ, ಎರಡು ಪುಟ. ಅದರಲ್ಲಿ ಒಂದು ಪುಟ ಕೇಳುವುದಕ್ಕೇ ಇಟ್ಟುಕೊಳ್ಳುತ್ತೇನೆ. ಡ್ರಮ್ ಕೋರ್ ಎಂದರೇನು? ಸೈನಿಕರ ನೆನಪಿನ ದಿನ ಮುದುಕರೆಲ್ಲ ಟೋಪಿ ಹಾಕಿಕೊಂಡು ಬೀದಿಯಲ್ಲಿ ಹೋಗುವಾಗ ಮುಂದೊಂದು ಡ್ರಮ್ ಇರುತ್ತಿತ್ತಲ್ಲ, ಅದೇನಾ? ಏನೂ ಗೊತ್ತಿಲ್ಲದವಳಿಗೆ ಹೇಳುವ ಹಾಗೆ ಹೇಳು. ಏನೂ ಕೇಳದವಳಿಗೆ ಹೇಳುವ ಹಾಗೆ ಹೇಳು. ನನ್ನನ್ನು ‘ನೀವು’ ಎಂದು ಕರೆಯುವುದನ್ನು ಬಿಟ್ಟರೆ ನನಗೆ ಸಂತೋಷ, ಬಿಡದಿದ್ದರೂ ಬರೆ.

ನಿನ್ನ ಬ್ರೋನ್ಯಾ


ಮಿಲ್ವಾಕೀ
ಮೇ 9, 1967

ಅಕ್ಕಾ,

ಸರಿ, ‘ನೀನು’ ಅನ್ನುತ್ತೇನೆ. ಈ ಕೈ ಬೇರೆ ರೀತಿ ಬರೆಯಲು ಒಪ್ಪುತ್ತಿಲ್ಲ.

ಮೊದಲನೆಯದು, ಅದು ಬ್ಯಾಂಡ್ ಅಲ್ಲ. ಯಾರಾದರೂ ಬ್ಯಾಂಡ್ ಅಂದರೆ ನಮ್ಮ ಹುಡುಗರಿಗೆ ಮೈ ಉರಿಯುತ್ತದೆ. ಕೊಳಲಿಲ್ಲ, ಕ್ಲಾರಿನೆಟ್ ಇಲ್ಲ. ಹಿತ್ತಾಳೆಯ ಕಹಳೆಗಳು, ಡ್ರಮ್‌ಗಳು, ಬಾವುಟಗಳು, ಇಷ್ಟೆ. ನಾವು ಅರವತ್ತೆಂಟು ಜನ. ಫುಟ್‌ಬಾಲ್ ಮೈದಾನದ ಎಡಗಡೆ ಗೆರೆಯ ಮೇಲೆ ನಿಲ್ಲುತ್ತೇವೆ. ಬಾರಿಸುತ್ತ, ಊದುತ್ತ, ಸಾಲು ಒಡೆದು ವೃತ್ತವಾಗಿ, ವೃತ್ತ ಬಿಚ್ಚಿ ಮತ್ತೆ ಸಾಲಾಗಿ, ಹನ್ನೊಂದು ನಿಮಿಷದ ಹೊತ್ತಿಗೆ ಬಲಗಡೆ ಗೆರೆ ದಾಟುತ್ತೇವೆ. ಆ ಹನ್ನೊಂದು ನಿಮಿಷಕ್ಕಾಗಿ ನವೆಂಬರಿನಿಂದ ಚರ್ಚಿನ ನೆಲಮಾಳಿಗೆಯಲ್ಲಿ ತಾಲೀಮು. ಬೇಸಿಗೆಯಲ್ಲಿ ಬಸ್ಸು ಹತ್ತಿ ಊರಿಂದೂರಿಗೆ ಹೋಗಿ, ಶಾಲೆಗಳ ನೆಲದ ಮೇಲೆ ಮಲಗಿ, ಬೇರೆ ಕೋರ್‌ಗಳ ಜೊತೆ ಸ್ಪರ್ಧೆ.

ಅಂಕ ಹೇಗೆ ಕೊಡುತ್ತಾರೆ ಗೊತ್ತಾ? ಕೊಡುವುದೇ ಇಲ್ಲ. ಶುರುವಾದಾಗ ಎಲ್ಲ ಅಂಕವೂ ನಿನ್ನದೇ. ತೀರ್ಪುಗಾರರು ಹಲಗೆಗೆ ಕಾಗದ ಸಿಕ್ಕಿಸಿಕೊಂಡು ಮೈದಾನದಲ್ಲೇ ನಮ್ಮ ನಡುವೆ ನಡೆಯುತ್ತಾರೆ. ಒಂದು ಕಡ್ಡಿ ಕೂದಲೆಳೆಯಷ್ಟು ತಡವಾಗಿ ಬಿದ್ದರೆ ಒಂದು ಗೀಟು. ಒಂದು ಕಾಲು ಮುಂದಾದರೆ ಒಂದು ಗೀಟು. ಪ್ರತಿ ಗೀಟಿಗೂ ಒಂದು ಅಂಕದ ಹತ್ತನೇ ಒಂದು ಭಾಗ ಹೋಗುತ್ತದೆ. ನನ್ನ ಡ್ರಮ್ ಹತ್ತಿರ ಬಗ್ಗಿ ಕಿವಿಯಿಟ್ಟು, ಪೆನ್ಸಿಲ್ ಹಿಡಿದು, ನಾನು ಯಾವಾಗ ತಪ್ಪುತ್ತೇನೆಂದು ಕಾಯುವವನನ್ನು ನೋಡದ ಹಾಗೆ ನೇರ ನೋಡುತ್ತ ಬಾರಿಸಬೇಕು. ಅದಕ್ಕೂ ಮೊದಲು ಶೂ, ಬಕ್ಕಲ್, ಗಡ್ಡ ಎಲ್ಲದರ ತಪಾಸಣೆ.

ನನ್ನದು ಸ್ನೇರ್ ಡ್ರಮ್. ಅಡಿಯಲ್ಲಿ ತಂತಿ ಬಿಗಿದಿರುತ್ತದೆ, ಬಾರಿಸಿದರೆ ಬಟ್ಟೆ ಹರಿದ ಹಾಗೆ ಸದ್ದು. ಪಟ್ಟಿಯಿಂದ ಭುಜಕ್ಕೆ ನೇತುಹಾಕಿಕೊಳ್ಳುವುದರಿಂದ ನಡೆಯುವಾಗ ಎಡ ತೊಡೆಗೆ ಬಡಿಯುತ್ತದೆ. ನನ್ನ ಎಡ ತೊಡೆ ಐದು ವರ್ಷದಿಂದ ನೀಲಿ. ನಾವು ಐವರು ಸ್ನೇರ್‌ನವರು, ನಾನು ನಡುವೆ. ಐವರೂ ಒಬ್ಬನೇ ಬಾರಿಸಿದ ಹಾಗೆ ಕೇಳಬೇಕು.

ಕಲಿಸುವವರು ಕ್ರೈನಿಕ್. ನಮ್ಮ ಫೌಂಡ್ರಿಯ ಅಚ್ಚಿನ ವಿಭಾಗದವರೇ. ಮೊದಲ ದಿನ ನಾನು ಜೋರಾಗಿ ಬಾರಿಸಿ ತೋರಿಸಿದಾಗ ಹೇಳಿದ್ದರು: “ಕೈ ಚೆನ್ನಾಗಿದೆ ಕಣೋ. ಆದ್ರೆ ಡ್ರಮ್ಮು ಕೈಯಿಂದ ಬಾರಿಸೋದಲ್ಲ. ಪಕ್ಕದವನನ್ನ ಕೇಳಿಸ್ಕೋ. ಕಿವಿ ಇಲ್ದೋನು ಇಲ್ಲಿ ಬರೀ ಬಡಗಿ.”

ಕಿವಿ ಬಂದ ಮೇಲೆ ಏನಾಗುತ್ತದೆಂದು ಬರೆಯಲು ನನಗೆ ಬರುವುದಿಲ್ಲ. ಅದನ್ನು ಕೇಳಿಯೇ ತಿಳಿಯಬೇಕು.

ತಾದೆಕ್


ಕಾರ್ಮೆಲ್ ಮಠ
ಜೂನ್ 6, 1967

ತಮ್ಮಾ,

ನೀನು ನನ್ನ ಮಠದ ಬಗ್ಗೆ ಬರೆದಿದ್ದೀಯ ಅಂದುಕೊಂಡೆ. ಇಲ್ಲಿಯೂ ಸಾಲಾಗಿ ನಡೆಯುತ್ತೇವೆ, ಬಲಗಾಲು ಎಡಗಾಲು ಲೆಕ್ಕವಿದೆ. ಇಲ್ಲಿಯೂ ಉಡುಪಿನ ತಪಾಸಣೆಯಿದೆ. ವಾರಕ್ಕೊಮ್ಮೆ ಎಲ್ಲರೂ ಕೂತು ಅವರವರ ತಪ್ಪುಗಳನ್ನು ಅವರೇ ಹೇಳಿಕೊಳ್ಳುತ್ತೇವೆ. ಬಾಗಿಲು ಜೋರಾಗಿ ಹಾಕಿದೆ, ಪಾತ್ರೆ ಬೀಳಿಸಿದೆ, ಪ್ರಾರ್ಥನೆಗೆ ತಡವಾಗಿ ಬಂದೆ. ನಾವೂ ಪೂರ್ತಿ ಅಂಕದಿಂದಲೇ ಶುರು ಮಾಡಿ ಕಳೆದುಕೊಳ್ಳುತ್ತ ಹೋಗುವವರು. ಈಚೆಗೆ ನನ್ನ ಗೀಟುಗಳು ಬಹಳವಾಗಿವೆ. ಬಾಗಿಲು ಎಷ್ಟು ಜೋರಾಗಿ ಬಿತ್ತೆಂದು ನನಗೆ ಗೊತ್ತೇ ಆಗುವುದಿಲ್ಲ.

ಬ್ಲೂ ಹೆರನ್ ಅಂದರೆ ಆ ಉದ್ದ ಕಾಲಿನ ನೀಲಿ ಬಕ ತಾನೇ? ನಿನ್ನ ಕಾಲು ನೋಡಿಯೇ ಸೇರಿಸಿಕೊಂಡಿರಬೇಕು.

ನಿನ್ನ ಪತ್ರವನ್ನು ಎಷ್ಟು ಸಲ ಓದಿದೆನೆಂದರೆ ಮಡಿಕೆಯಲ್ಲಿ ಹರಿಯುತ್ತ ಬಂದಿದೆ. ಇನ್ನಷ್ಟು ಬರೆ. ಕೇಳಿಯೇ ತಿಳಿಯಬೇಕು ಎಂದು ನಿಲ್ಲಿಸಬೇಡ. ಆ ಕಡೆಯಿಂದ ಕಹಳೆ ಬಂದಾಗ ಹೊಟ್ಟೆಯಲ್ಲಿ ಏನಾಗುತ್ತದೆ, ಬೆವರು ಎಲ್ಲಿ ಇಳಿಯುತ್ತದೆ, ಹುಲ್ಲಿನ ವಾಸನೆ ಹೇಗಿರುತ್ತದೆ, ಅದೆಲ್ಲ ಬೇಕು.

ಅಪ್ಪ ಯಾಕೆ ನೋಡಲು ಬರಲಿಲ್ಲ?

ಬ್ರೋನ್ಯಾ


ಪ್ರವಾಸದ ದಾರಿ, ಇಲಿನಾಯ್
ಜೂನ್ 24, 1967

ಅಕ್ಕಾ,

ಅಪ್ಪನ ಮಾತು ಬೇಕಿದ್ದರೆ ಇದೋ. ಮೊದಲ ವರ್ಷ ಸಮವಸ್ತ್ರ ಹಾಕಿಕೊಂಡು ಅಡುಗೆಮನೆಯಲ್ಲಿ ನಿಂತಿದ್ದೆ. ಸೂಪಿನ ತಟ್ಟೆಯಿಂದ ತಲೆ ಎತ್ತಿ ನೋಡಿ ಅಂದ: “ಎರಡು ಕಡ್ಡಿ ಹಿಡ್ಕೊಂಡು ಕುಣಿಯೋಕಾ ನಿನ್ನ ಸಾಕಿದ್ದು?” ನಾನು, “ಬಂದು ನೋಡಪ್ಪಾ ಒಂದ್ಸಲ” ಅಂದೆ. “ನಂಗೆ ದಿನವೆಲ್ಲ ಸುತ್ತಿಗೆ ಸದ್ದು ಸಾಕಾಗಿದೆ” ಅಂದ. ಆಮೇಲೆ ನಾನು ಕರೆಯಲಿಲ್ಲ, ಅವನು ಕೇಳಲಿಲ್ಲ.

ಡ್ರಮ್ ಹಿಡಿದದ್ದು ಹೇಗೆಂದು ನೀನು ಕೇಳಲಿಲ್ಲ. ಹೇಳುತ್ತೇನೆ. ನೀನು ಹೋದ ವಾರ ಮನೆಯಲ್ಲಿ ಸದ್ದೇ ಇರಲಿಲ್ಲ. ನೀನು ಪಾತ್ರೆ ತೊಳೆಯುತ್ತ ಗುನುಗುತ್ತಿದ್ದದ್ದು ಎಷ್ಟು ಜಾಗ ತುಂಬಿತ್ತೆಂದು ಆಗಲೇ ತಿಳಿದದ್ದು. ಅಪ್ಪ ಗೋಡೆ ನೋಡುತ್ತ ಕೂರುತ್ತಿದ್ದ. ನನಗೆ ಭಯವಾಗಿ ಎರಡು ಚಮಚದಿಂದ ಮೇಜು ಬಡಿಯಲು ಶುರು ಮಾಡಿದೆ. “ಹೊರಗೆ ಹೋಗಿ ಬಡ್ಕೋ” ಅಂದ. ಹೋದೆ. ಚರ್ಚಿನ ನೆಲಮಾಳಿಗೆಯಲ್ಲಿ ಬೆಳಕಿತ್ತು.

ನಾನೀಗ ಮನೆಯಲ್ಲಿಲ್ಲ, ಉತ್ತರವನ್ನು ಕೆಳಗಿನ ವಿಳಾಸಕ್ಕೆ ಕಳಿಸು. ಈಗ ಒಳ್ಳೆಯ ಸುದ್ದಿ. ಜುಲೈ 19, ಬುಧವಾರ, ನಾವು ಮಿನೆಸೋಟಾಗೆ ಹೋಗುವ ದಾರಿ ನಿಮ್ಮ ಮಠದಿಂದ ಎರಡೇ ಮೈಲಿ. ನಮ್ಮ ಮುಖ್ಯಸ್ಥರನ್ನು ಕೇಳಿದೆ. ಮೊದಲು ನಕ್ಕರು. ಆಮೇಲೆ ಕ್ರೈನಿಕ್ ಹೋಗಿ ಏನು ಹೇಳಿದರೋ, ಒಪ್ಪಿದರು. ಬೆಳಿಗ್ಗೆ ಹತ್ತಕ್ಕೆ ಮೂರೂ ಬಸ್ಸು ನಿಮ್ಮ ಗೋಡೆಯ ಹೊರಗೆ ನಿಲ್ಲುತ್ತವೆ. ನೀನು ಹೊರಗೆ ಬರಬೇಕಿಲ್ಲ, ಮುಖ ತೋರಿಸಬೇಕಿಲ್ಲ, ಯಾವ ನಿಯಮವೂ ಮುರಿಯಬೇಕಿಲ್ಲ. ತೋಟದಲ್ಲಿ ನಿಂತಿರು, ಸಾಕು. ಹನ್ನೊಂದು ನಿಮಿಷ ಪೂರ್ತಿ ಬಾರಿಸುತ್ತೇವೆ. ಮೊದಲಿಗೆ ಸಾಲು ನಡಿಗೆಯ ರಾಗ, ನಡುವೆ ನಿಂತು ಸ್ಪೇನಿನ ಕುಣಿತದ ರಾಗ, ಕೊನೆಗೆ ಡ್ರಮ್‌ನದ್ದೇ ಭಾಗ. ಸದ್ದಿಗೆ ಗೋಡೆ ಇಲ್ಲ ಅಕ್ಕಾ. ಅದನ್ನು ಐದು ವರ್ಷದ ಹಿಂದೆಯೇ ಯೋಚಿಸಬೇಕಿತ್ತು.

ತಾದೆಕ್


ಕಾರ್ಮೆಲ್ ಮಠ
ಜುಲೈ 5, 1967

ತಮ್ಮಾ,

ಮದರ್ ಅನುಮತಿ ಕೊಟ್ಟಿದ್ದಾರೆ. ಆದರೂ ಹೇಳುತ್ತೇನೆ, ಅರವತ್ತೆಂಟು ಜನರಿಗೆ ತೊಂದರೆ ಯಾಕೆ? ಬಿಸಿಲು ಜೋರಾಗಿದೆ. ರಸ್ತೆಯಲ್ಲಿ ಧೂಳು. ನಮ್ಮ ಗೋಡೆ ಎತ್ತರ, ದಪ್ಪ. ನಿನ್ನ ಪತ್ರಗಳೇ ನನಗೆ ಸಾಕು. ನಿಜವಾಗಿ ಸಾಕು. ನೀನು ಬರೆದದ್ದನ್ನು ಓದುವಾಗ ನನಗೆ ಎಲ್ಲ ಸಿಗುತ್ತದೆ.

ಬರಬೇಡ ಎಂದು ಬರೆಯಲು ಮೂರು ಸಲ ಕೂತೆ. ಅಷ್ಟು ದೊಡ್ಡ ಮನಸ್ಸಿಲ್ಲ ನನಗೆ. ಬಂದರೆ ತೋಟದಲ್ಲಿರುತ್ತೇನೆ.

ಬ್ರೋನ್ಯಾ


ಮಿನೆಸೋಟಾ
ಜುಲೈ 20, 1967

ಅಕ್ಕಾ,

ತೊಂದರೆ ಎಂದೆಯಲ್ಲ, ಕೇಳು. ಹುಡುಗರು ಬಸ್ಸಿನಲ್ಲೇ ಶೂ ಒರೆಸಿಕೊಂಡರು. ಪೂರ್ತಿ ಸಮವಸ್ತ್ರ, ಗರಿಯ ಟೋಪಿ, ಸ್ಪರ್ಧೆಗೆ ಇಳಿದ ಹಾಗೆ. ಯಾರೂ ಹೇಳಿರಲಿಲ್ಲ. ರಸ್ತೆಯ ಮೇಲೆ ಗೋಡೆಗೆ ಮುಖ ಮಾಡಿ ನಿಂತೆವು. ಟ್ರ್ಯಾಕ್ಟರಿನಲ್ಲಿ ಹೋಗುತ್ತಿದ್ದ ಮುದುಕನೊಬ್ಬ ಎಂಜಿನ್ ಆರಿಸಿ ಇಳಿದ.

“ಏನಪ್ಪಾ, ಗೋಡೆಗೆ ಬಾರಿಸ್ತೀರಾ?”

“ಒಳಗೆ ನಮ್ಮಕ್ಕ ಇದ್ದಾಳೆ” ಅಂದೆ.

ಅವನು ಗೋಡೆ ನೋಡಿದ, ನನ್ನ ನೋಡಿದ, ಹ್ಯಾಟು ತೆಗೆದು ಹಿಡಿದುಕೊಂಡ. ಮುಗಿದ ಮೇಲೆ ಹತ್ತಿರ ಬಂದು ಅಂದ: “ಕೇಳಿಸಿರುತ್ತೆ ಬಿಡು ಮಗಾ. ನದಿ ಆ ಕಡೆಯವರಿಗೂ ಕೇಳಿಸಿರುತ್ತೆ.”

ಐದು ವರ್ಷದಲ್ಲಿ ನಾವು ಅಷ್ಟು ಚೆನ್ನಾಗಿ ಬಾರಿಸಿದ್ದಿಲ್ಲ. ಗೀಟು ಹಾಕುವವರು ಯಾರೂ ಇರಲಿಲ್ಲ, ಇದ್ದಿದ್ದರೂ ಪೆನ್ಸಿಲ್ ಎತ್ತುತ್ತಿರಲಿಲ್ಲ. ಕ್ರೈನಿಕ್ ಬಸ್ಸಿಗೊರಗಿ ಆ ಕಡೆ ತಿರುಗಿಕೊಂಡಿದ್ದರು.

ನಡುವೆ ಏನಾಯಿತೆಂದು ನಾನು ಬರೆಯುವುದಿಲ್ಲ. ಅದನ್ನು ನೀನು ಬರೆಯಬೇಕು. ಆಗಸ್ಟ್ ಮೊದಲ ವಾರ ಓಹಾಯೋದಲ್ಲಿರುತ್ತೇವೆ, ವಿಳಾಸ ಕೆಳಗಿದೆ. ಬೇಗ ಬರೆ. ಕಾಯುತ್ತಿರುತ್ತೇನೆ.

ತಾದೆಕ್


ಕಾರ್ಮೆಲ್ ಮಠ
ಆಗಸ್ಟ್ 1, 1967

ನನ್ನ ತಮ್ಮನೇ,

ಹತ್ತಕ್ಕೆ ಮೊದಲೇ ತೋಟದಲ್ಲಿದ್ದೆ. ಎಂಥ ಸದ್ದು ಮಾರಾಯಾ. ಮೊದಲ ಡ್ರಮ್ ಬಿದ್ದಾಗ ಪೇರ್ ಮರದ ಹಕ್ಕಿಗಳೆಲ್ಲ ಒಮ್ಮೆಗೇ ಎದ್ದವು. ನೀವು ಐವರೂ ಒಬ್ಬನ ಹಾಗೇ ಕೇಳಿದಿರಿ. ನಡುವೆ ಆ ಸ್ಪೇನಿನ ಕುಣಿತದ ರಾಗ ಬಂದಾಗ, ದೇವರು ಕ್ಷಮಿಸಲಿ, ನನ್ನ ಕಾಲು ತಾನಾಗಿ ತಾಳ ಹಾಕಿತು. ಸಿಸ್ಟರ್ ಕಾಲೆಟ್ ನೋಡಿ ನಕ್ಕಳು. ಕೊನೆಯ ಡ್ರಮ್ ಭಾಗ ನೀನು ಬರೆದಿದ್ದಕ್ಕಿಂತ ಚೆನ್ನಾಗಿತ್ತು. ನೀನು ಎಷ್ಟು ಸಂತೋಷ ಕೊಟ್ಟೆಯೆಂದು ಎರಡು ಪುಟದಲ್ಲಿ ಹೇಳಲಾರೆ.

ನಿನಗಾಗಿ ದಿನವೂ ಪ್ರಾರ್ಥಿಸುವ
ಬ್ರೋನ್ಯಾ


ಮಿಲ್ವಾಕೀ
ಆಗಸ್ಟ್ 21, 1967

ಸಿಸ್ಟರ್ ಬೆನೆಡಿಕ್ಟಾ ಅವರಿಗೆ,

ನಿಮ್ಮ ಪತ್ರ ಸಿಕ್ಕಿತು. ಚೆನ್ನಾಗಿ ಬರೆದಿದ್ದೀರಿ. ಆದರೆ ಅಂದು ನಾವು ಸ್ಪೇನಿನ ರಾಗ ಬಾರಿಸಲಿಲ್ಲ.

ಅದರ ಬದಲು ಅಮ್ಮನ ಪೋಲಿಷ್ ಜೋಗುಳ ಊದಿದೆವು. ಅಮ್ಮ ಹೋದ ಮೇಲೆ ನೀವು ನನ್ನ ತಲೆ ತಟ್ಟುತ್ತ ಹಾಡುತ್ತಿದ್ದದ್ದು. ಮೂರು ವಾರ ಬಸ್ಸಿನಲ್ಲಿ ಕೂತು ಕಹಳೆಯವರಿಗೆ ಒಂದೊಂದೇ ಸ್ವರ ಗುನುಗಿ ಕಲಿಸಿದ್ದೆ. ನಾವು ಐವರು ಡ್ರಮ್‌ನ ತಂತಿ ಸಡಿಲ ಮಾಡಿ ಬರೀ ಬೆರಳಿಂದ ತಟ್ಟಿದೆವು, ನೀವು ತಟ್ಟುತ್ತಿದ್ದ ಹಾಗೆ. ಪೋಲಿಷ್ ಬಾರದ ಹುಡುಗರೂ ಅಳುತ್ತಿದ್ದರು. ಗೋಡೆಯ ಆ ಕಡೆ ಯಾರೂ ಇರಲಿಲ್ಲವೆಂದು ನನಗೇನು ಗೊತ್ತಿತ್ತು.

ಬಿಡಲಿಲ್ಲ ಎಂದು ಬರೆದಿದ್ದರೆ ಅರ್ಥ ಮಾಡಿಕೊಳ್ಳುತ್ತಿದ್ದೆ. ಪ್ರಾರ್ಥನೆಯ ಹೊತ್ತು, ಬರಲಾಗಲಿಲ್ಲ ಎಂದಿದ್ದರೂ ಸರಿ. ನನ್ನ ಪತ್ರದಿಂದಲೇ ನಾಲ್ಕು ಸಾಲು ಎತ್ತಿ ನನಗೇ ಕಳಿಸಿದಿರಿ. ಸಂತೋಷವಾಯಿತೆಂದು ಸುಳ್ಳು ಹೇಳಿಸುವುದು ಯಾವ ನಿಯಮ?

ರಾಷ್ಟ್ರೀಯ ಸ್ಪರ್ಧೆಯಲ್ಲಿ ಹದಿನಾಲ್ಕನೆಯವರಾದೆವು. ಕೊನೆಯ ಗೆರೆ ದಾಟಿದ ಮೇಲೆ ನನ್ನ ವಯಸ್ಸಿನವರೆಲ್ಲ ಹುಲ್ಲಿನ ಮೇಲೆ ಕೂತುಬಿಟ್ಟರು. ನಾನು ಕೂರಲಿಲ್ಲ. ಡ್ರಮ್ ಬಿಚ್ಚಿ ಕ್ರೈನಿಕ್ ಕೈಗೆ ಕೊಟ್ಟೆ.

ಇನ್ನೊಂದು ವಿಷಯ ನಾನೂ ಮುಚ್ಚಿಟ್ಟಿದ್ದೆ. ಸೈನ್ಯದ ಕರೆ ಜೂನ್‌ನಲ್ಲೇ ಬಂದಿತ್ತು. ಬೇಸಿಗೆ ಕೆಡಬಾರದೆಂದು ನಿಮಗೆ ಹೇಳಲಿಲ್ಲ. ನಾಳೆ ಹೊರಡುತ್ತೇನೆ. ಯಾವ ಯುದ್ಧಕ್ಕೆ ಕಳಿಸುತ್ತಾರೆಂದು ಎಲ್ಲರಿಗೂ ಗೊತ್ತಿದೆ.

ಹನ್ನೊಂದು ನಿಮಿಷ ಕೇಳಿದ್ದೆ ನಿಮ್ಮಿಂದ.

ತಾದೇಉಷ್ ವೊಯ್ನಾರ್


ಕಾರ್ಮೆಲ್ ಮಠ
ಸೆಪ್ಟೆಂಬರ್ 3, 1967

ತಾದೆಕ್, ತಮ್ಮಾ,

ನಿನ್ನ ಶಿಬಿರದ ವಿಳಾಸ ನನ್ನ ಬಳಿ ಇಲ್ಲ. ಮನೆಗೇ ಕಳಿಸುತ್ತಿದ್ದೇನೆ. ದಯಮಾಡಿ ಇದನ್ನು ಅವನಿಗೆ ತಲುಪಿಸು ಎಂದು ಲಕೋಟೆಯ ಮೇಲೆ ಅಪ್ಪನಿಗೆ ಬರೆದಿದ್ದೇನೆ. ಮದರ್ ಹೆಚ್ಚು ಪುಟ ಕೊಟ್ಟಿದ್ದಾರೆ. ಬೇಕಾಗುವುದಿಲ್ಲ. ಹೇಳಬೇಕಾದದ್ದು ಒಂದೇ ಸಾಲು.

ನನಗೆ ಕಿವಿ ಕೇಳುವುದಿಲ್ಲ.

ಎರಡು ವರ್ಷದ ಹಿಂದೆ ಚಳಿಗಾಲದಲ್ಲಿ ಜ್ವರ ಬಂತು. ಇಳಿದಾಗ ಎಡಗಿವಿ ಹೋಗಿತ್ತು. ಅದರ ಮುಂದಿನ ಈಸ್ಟರ್ ಹೊತ್ತಿಗೆ ಬಲಗಿವಿಯೂ ಹೋಯಿತು. ಅದಕ್ಕೇ ಬಾಗಿಲ ಗಂಟೆಯಿಂದ ತೆಗೆದರು, ಹಾಡಿನಿಂದ ತೆಗೆದರು. ಈಗ ನನಗೆ ಹೇಳಬೇಕಾದ್ದನ್ನೆಲ್ಲ ಸ್ಲೇಟಿನ ಮೇಲೆ ಬರೆದು ತೋರಿಸುತ್ತಾರೆ.

ಮೊದಲ ಪತ್ರದಲ್ಲೇ ಹೇಳಬೇಕಿತ್ತು. ನೀನು ಐದು ವರ್ಷದ ಮೇಲೆ ಬಂದದ್ದು ಒಂದೇ ಒಂದನ್ನು ಹೊತ್ತುಕೊಂಡು, ಅದೂ ಸದ್ದು. ತೆಗೆದುಕೊಳ್ಳಲು ನನ್ನ ಹತ್ತಿರ ಕೈಯೇ ಇಲ್ಲ ಎಂದು ಹೇಗೆ ಹೇಳಲಿ? ಕಿವಿ ಇಲ್ಲದವನು ಬರೀ ಬಡಗಿ ಎಂಬ ನಿನ್ನ ಗುರುಗಳ ಮಾತು ಓದಿದ ಮೇಲೆ ಇನ್ನೂ ಕಷ್ಟವಾಯಿತು. ಹೇಳಿದರೆ ಬರೆಯುವುದನ್ನು ನಿಲ್ಲಿಸುತ್ತೀಯ ಎಂದು ಹೆದರಿದೆ. ನಿಜ ಇಷ್ಟೆ.

ಆ ದಿನ ನಾನು ತೋಟದಲ್ಲಿದ್ದೆ ತಾದೆಕ್. ಗೋಡೆಗೆ ಎರಡೂ ಅಂಗೈ ಒತ್ತಿ ನಿಂತಿದ್ದೆ. ಇಟ್ಟಿಗೆ ಬೆಚ್ಚಗಿತ್ತು. ಅಷ್ಟೆ. ಅದರಲ್ಲಿ ಏನೋ ನಡುಗಿತು ಎಂದು ಬರೆಯಲು ಆಸೆ, ಆದರೆ ನಿನಗೆ ಇನ್ನೊಂದು ಸುಳ್ಳು ಹೇಳುವುದಿಲ್ಲ. ಹಕ್ಕಿಗಳು ಎದ್ದಾಗ ನೀವು ಶುರು ಮಾಡಿದಿರೆಂದು ತಿಳಿದೆ. ಅವು ತಿರುಗಿ ಬಂದು ಕೂತಾಗ ಮುಗಿಯಿತೆಂದು ತಿಳಿದೆ. ಆ ನಡುವಿನ ಹೊತ್ತು ನಿನ್ನ ಪತ್ರವನ್ನು ಬಾಯಲ್ಲಿ ಹೇಳಿಕೊಳ್ಳುತ್ತಿದ್ದೆ, ಎಡಗೆರೆಯಿಂದ ಬಲಗೆರೆಯವರೆಗೆ. ಏನು ಬಾರಿಸಿದರೆಂದು ಕೇಳಿ ಸಿಸ್ಟರ್ ಕಾಲೆಟ್‌ಗೆ ಸ್ಲೇಟು ಕೊಟ್ಟೆ. ಅವಳು ಐರಿಷ್ ಮನೆತನದವಳು, ನಮ್ಮ ಜೋಗುಳ ಅವಳಿಗೆಲ್ಲಿ ಗೊತ್ತು, ಪಾಪ. “ಬಹಳ ಜೋರು, ಬಹಳ ಚೆಂದ” ಎಂದು ಬರೆದಳು.

ಅಮ್ಮನ ಹಾಡಂತೆ. ಅದನ್ನು ನನಗಾಗಿ ಅರವತ್ತೆಂಟು ಜನ ನುಡಿಸಿದರಂತೆ. ನಾನು ಅಲ್ಲೇ ನಿಂತು ಸ್ಪೇನಿನ ಕುಣಿತವನ್ನು ಊಹಿಸಿಕೊಳ್ಳುತ್ತಿದ್ದೆ.

ಬೈದು ಬರೆ. ‘ನೀವು’ ಎಂದೇ ಬರೆ. ಆದರೆ ಬರೆ.

ಬ್ರೋನ್ಯಾ


ಕಾರ್ಮೆಲ್ ಮಠ
ನವೆಂಬರ್ 7, 1967

ತಮ್ಮಾ,

ಸೆಪ್ಟೆಂಬರಿನದ್ದಕ್ಕೆ ಉತ್ತರ ಬರಲಿಲ್ಲ, ಅಕ್ಟೋಬರಿನದ್ದಕ್ಕೂ ಬರಲಿಲ್ಲ. ಕ್ಷಮಿಸುವುದಕ್ಕೆ ನಿನಗೆ ಹೊತ್ತು ಬೇಕು ಅಂದುಕೊಂಡಿದ್ದೇನೆ. ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ವಾರ ನಮಗೆ ಪತ್ರ ಇಲ್ಲ. ಆಮೇಲೆ ಮತ್ತೆ ಬರೆಯುತ್ತೇನೆ. ಅಲ್ಲಿ ಚಳಿಯಿದೆಯೇ? ಊಟ ಸೇರುತ್ತದೆಯೇ?

ಬ್ರೋನ್ಯಾ


ಕಾರ್ಮೆಲ್ ಮಠ
ಏಪ್ರಿಲ್ 16, 1968

ಅಪ್ಪಾ,

ನೀನು ಇದನ್ನು ಒಡೆಯುತ್ತೀಯೋ ಇಲ್ಲವೋ ಗೊತ್ತಿಲ್ಲ. ಮಾರ್ಚ್ 20ರಂದು ಫಾದರ್ ಮಠಕ್ಕೆ ಫೋನ್ ಮಾಡಿದರು. ಮದರ್ ಅದನ್ನು ಸ್ಲೇಟಿನ ಮೇಲೆ ಬರೆದು ತಂದರು. ಬರೆದು, ಒರೆಸದೆ, ನನ್ನ ಪಕ್ಕದಲ್ಲೇ ಕೂತರು. ತಪಸ್ಸು ಕಾಲವಾದ್ದರಿಂದ ನಿನಗೆ ಆಗ ಬರೆಯಲಾಗಲಿಲ್ಲ. ಬರೆಯಬಹುದೆಂದು ಮದರ್ ಹೇಳಿದ್ದರು, ನನಗೇ ಆಗಲಿಲ್ಲ.

ಅವನನ್ನು ಬೆಳೆಸಿದವಳು ನಾನು, ಹೆತ್ತವನು ನೀನು. ಇಬ್ಬರೂ ಬೇರೆ ಬೇರೆ ಮನೆಯಲ್ಲಿ ಒಂದೇ ಸಾವಿಗೆ ಕೂತಿದ್ದೇವೆ.

ಒಂದೇ ಮಾತು ಕೇಳುತ್ತೇನೆ, ಎಂಥ ಉತ್ತರವಾದರೂ ಸರಿ. ನಾನು ಸೆಪ್ಟೆಂಬರಿನಲ್ಲಿ ಬರೆದದ್ದು ಅವನಿಗೆ ತಲುಪಿತೇ?

ಬ್ರೋನ್ಯಾ


ಮಿಲ್ವಾಕೀ
ಏಪ್ರಿಲ್ 28, 1968

ಬ್ರೋನ್ಯಾ,

ನನಗೆ ಬರೆದು ಅಭ್ಯಾಸವಿಲ್ಲ. ಇದು ನಾಲ್ಕನೆಯ ಕಾಗದ, ಮೂರು ಹರಿದೆ.

ತಲುಪಲಿಲ್ಲ. ನಾನೇ ಕಳಿಸಲಿಲ್ಲ. ಮರೆತೆ ಎಂದು ಬರೆಯಬಹುದು, ಅದು ಸುಳ್ಳು. ಗಡಿಯಾರದ ಹಿಂದೆ ಇಟ್ಟೆ. ನೀನು ಹೋದಾಗಿನಿಂದ ಅವನ ಹೆಸರಿಗೆ ಬರೆದದ್ದರಲ್ಲಿ ನನ್ನ ಕೈಗೆ ಸಿಕ್ಕಿದ್ದೆಲ್ಲ ಅಲ್ಲೇ ಇದೆ, ಒಂದನ್ನೂ ಒಡೆದಿರಲಿಲ್ಲ. ನೀನು ಹೋದಾಗ ಒಂದು ಮಗು ಕಳೆದುಕೊಂಡೆ. ಇನ್ನೊಂದನ್ನೂ ಕಾಗದ ಬರೆದು ಬರೆದು ಎಳೆದುಕೊಳ್ಳುತ್ತೀಯ ಎಂದು ಹೆದರಿದೆ. ಆ ಐದು ವರ್ಷವೂ ನೀನು ಬರೆಯುತ್ತಿದ್ದದ್ದು ಅವನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ನೀನೂ ಹೇಳಲಿಲ್ಲವೆಂದು ಈಗ ಎಲ್ಲ ಒಡೆದು, ಅವನ ಬಳಿಯಿದ್ದ ನಿನ್ನ ಕಾಗದಗಳನ್ನೂ ಓದಿ ತಿಳಿಯಿತು.

ಜನವರಿಯಲ್ಲಿ ಅಲ್ಲಿಂದ ಬರೆದಿದ್ದ: “ಅಪ್ಪಾ, ಅಕ್ಕನಿಂದ ಏನಾದ್ರೂ ಬಂತಾ?” ಇಲ್ಲ ಎಂದು ಬರೆದೆ. ಫೆಬ್ರವರಿಯಲ್ಲಿ ಮತ್ತೆ ಕೇಳಿದ. ಮತ್ತೆ ಇಲ್ಲ ಎಂದೆ. ಮೂರನೆಯ ಸಲ ಕೇಳಲಿಲ್ಲ, ಆಮೇಲೆ ಸೈನ್ಯದ ಕಾರು ಬಂತು.

ಇದನ್ನು ಪಾದ್ರಿಗೆ ಹೇಳಿದೆ. ದೇವರು ಕ್ಷಮಿಸುತ್ತಾನೆ ಅಂದ. ದೇವರಿಗೇನು, ಅವನು ಕ್ಷಮಿಸಬಲ್ಲ, ದೇವರ ಪತ್ರವನ್ನು ನಾನು ಮುಚ್ಚಿಟ್ಟಿರಲಿಲ್ಲ.

ಮಣ್ಣಿನ ದಿನ ಆ ಹುಡುಗರೆಲ್ಲ ಬಂದಿದ್ದರು. ಮಳೆ. ಡ್ರಮ್‌ನವರು ನಾಲ್ವರು ನಿಂತರು, ನಡುವೆ ಒಬ್ಬ ನಿಲ್ಲುವಷ್ಟು ಜಾಗ ಬಿಟ್ಟು. ಜಾಗ ಯಾಕೆ ಬಿಟ್ಟರೆಂದು ನನಗೆ ಗೊತ್ತಾಗಲಿಲ್ಲ, ಕೂಡಿ ನಿಲ್ಲಿ ಅಂದುಬಿಟ್ಟೆ. ಆ ಕ್ರೈನಿಕ್ ನನ್ನ ಭುಜ ಹಿಡಿದು, “ವೊಯ್ನಾರ್, ಅದು ನಿಮ್ಮ ಹುಡುಗನ ಜಾಗ” ಅಂದ. ಇಪ್ಪತ್ತು ವರ್ಷದಿಂದ ಒಂದೇ ಫೌಂಡ್ರಿಯಲ್ಲಿದ್ದೇವೆ, ಅವನ ಜೊತೆ ಮಾತಾಡಿದ್ದು ಅದೇ ಮೊದಲು.

ಅವರು ಬಾರಿಸಿದ್ದನ್ನು ನಾನು ಕೇಳಿದೆ. ಸುತ್ತಿಗೆಯ ಸದ್ದಲ್ಲ ಅದು. ಏನೆಂದು ಗೊತ್ತಿಲ್ಲ. ಮನೆಗೆ ಬಂದು, ಕ್ರೈನಿಕ್ ಕೊಟ್ಟ ಅವನ ಡ್ರಮ್ ಮೇಜಿನ ಮೇಲಿಟ್ಟು ನೋಡಿದೆ. ಅದರಿಂದಲೂ ತಿಳಿಯಲಿಲ್ಲ. ಅವನು ನಿನಗೆ ಎಲ್ಲ ಬಿಡಿಸಿ ಬರೆದಿದ್ದಾನಂತೆ. ಆ ಕಾಗದಗಳು ಇದ್ದರೆ ನನಗೆ ತೋರಿಸು. ನಿಧಾನಕ್ಕೆ ಓದುತ್ತೇನೆ.

ಬರುವ ಭಾನುವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ನಿಮ್ಮ ಭೇಟಿಯ ಕೋಣೆಯಲ್ಲಿ ಕಂಬಿಯ ಈ ಕಡೆ ಒಂದು ಕುರ್ಚಿ ಇರುತ್ತದಂತೆ. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ಬಾಗಿಲಲ್ಲೇ ಹೇಳಿ ಕಳಿಸು, ತಿರುಗಿ ಹೋಗುತ್ತೇನೆ. ಬಂದು ಕೂತರೆ, ನಿನಗೆ ಕೇಳುವುದಿಲ್ಲ ಎಂದು ಚಿಂತೆ ಮಾಡಬೇಡ. ನನಗೂ ಮಾತು ಬರುವುದಿಲ್ಲ.

ಅಪ್ಪ